ಹಡಿಲು ಗದ್ದೆಯ ಹೊಸ್ತು

ಧಾನ್ಯದೇವಿ ಸೆರೆಸ್‌ಗಾಗಿ ಓಕ್ ಎಲೆ ಮುಡಿದು ಕುಣಿದು ಹಾಡಿದ ಮೇಲೆಯೇ ಮಾಗಿದ ಪೈರಿಗೆ ಕುಡುಗೋಲು ಹಾಕಿ ಎಂದು ವರ್ಜಿಲ್ ತನ್ನ ‘ಜಾರ್ಜಿಕ್ಸ್’ ಕಾವ್ಯದಲ್ಲಿ ರೈತರಿಗೆ ಹೇಳುತ್ತಾನೆ. ಪಿಎಚ್‌.ಡಿ.ಗಾಗಿ ಅದನ್ನು ಓದುವಾಗಲೆಲ್ಲ ಹಟ್ಟಿಯಂಗಡಿಯ ನಮ್ಮ ಮನೆಯ ಹೊಸ್ತು ನೆನಪಾಗುತ್ತದೆ. ಅಪ್ಪಯ್ಯ ಗದ್ದೆಯಿಂದ ಕದಿರು ತಂದು ಬಾಗಿಲಿಗೆ ಕಟ್ಟುತ್ತಿದ್ದರು. ಹೊಸ ಅಕ್ಕಿಯ ಅನ್ನ ಬಾಯಿಗಿಡುವ ಮೊದಲು ನಾವು ಹಿರಿಯರಿಗೆ “ಹೊಸ್ತ್ ಉಣ್ತೆ” ಎನ್ನಬೇಕಿತ್ತು.

ಕ್ರಿ.ಪೂ. 493ರಲ್ಲಿ ರೋಮಿನ ಅವೆಂಟೈನ್ ಗುಡ್ಡದ ಮೇಲೆ ಗುಡಿ ಪಡೆದ ಸೆರೆಸ್ ಈಗ ‘ಸೀರಿಯಲ್’ ಎಂಬ ಹೆಸರಾಗಿ ತಿಂಡಿಯ ಡಬ್ಬಿಯ ಮೇಲೆ ಉಳಿದಿದ್ದಾಳೆ. ನಮ್ಮ ಗದ್ದೆ ಹಡಿಲು ಬಿದ್ದು ಮೂರು ವರ್ಷ. ನಾನೂ ಊರು ಬಿಟ್ಟವಳೇ.

ಈ ಸಲದ ಕದಿರು ಪಕ್ಕದ ಮನೆಯವರದು. ಕಟ್ಟುತ್ತ ಅಮ್ಮ, “ದೇವ್ರಿಗ್ ಸಾಕ್. ಗದ್ದಿಗ್ ಎಂತ ಹೇಳೂದ್?” ಎಂದರು.

ಉತ್ತರ ತೋಚಲಿಲ್ಲ. ಎಲೆಯ ಮುಂದೆ ಕೂತು “ಹೊಸ್ತ್ ಉಣ್ತೆ” ಎಂದೆ.