ದಿಗ್ವ್ರತವೂ ಗಿರಿವಿಹಾರವೂ

ಶ್ರಾವಕನಿಗೆ ವಿಧಿಸಿರುವ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ಬಗ್ಗೆ ನಾವು ಆಗಾಗ ಪ್ರವಚನಗಳನ್ನು ಕೇಳುತ್ತೇವೆ. ಅವುಗಳಿಗೆ ಬೇಲಿಯಂತೆ ನಿಂತಿರುವ ಗುಣವ್ರತಗಳ ವಿಚಾರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅದರಲ್ಲಿಯೂ ದಿಗ್ವ್ರತವೆಂದರೆ ಮುನಿಗಳ ಸನ್ನಿಧಿಯಲ್ಲಿ ಒಮ್ಮೆ ಒಪ್ಪಿಕೊಂಡು ಮನೆಗೆ ಬಂದ ಮೇಲೆ ಮರೆತುಬಿಡುವ ನಿಯಮವೆಂಬ ಭಾವನೆ ಬೆಳೆದಿದೆ. ಎತ್ತಿನ ಗಾಡಿಯ ಕಾಲದಲ್ಲಿ ಈ ವ್ರತವನ್ನು ದಾರಿಯ ಕಷ್ಟವೇ ಕಾಯುತ್ತಿತ್ತು. ಈಗ ದಾರಿ ಸುಲಭವಾಗಿದೆ. 2023ರಲ್ಲಿ ನಮ್ಮ ಸೋಗಾನೆಯಲ್ಲಿಯೇ ವಿಮಾನ ನಿಲ್ದಾಣವಾಯಿತು. ಶಿವಮೊಗ್ಗದ ಗೋಪಾಳದಿಂದ ಬೆಳಿಗ್ಗೆ ಹೊರಟವರು ಮರುದಿನ ಹಿಮಾಲಯದ ಬುಡದಲ್ಲಿರಬಹುದು. ಕಾಯುವ ಕಷ್ಟ ಇಲ್ಲವಾದಾಗ ವ್ರತವನ್ನು ಮನಸ್ಸೇ ಕಾಯಬೇಕು.

ಕಳೆದ ವರ್ಷ ನನಗೆ ಪರಿಚಯವಿರುವ ಒಂದು ಬಸದಿಯ ಟ್ರಸ್ಟಿನವರು ಉತ್ತರ ಭಾರತದ ಯಾತ್ರೆಯೊಂದನ್ನು ಯೋಜಿಸಿದರು. ಪಟ್ಟಿಯ ತಲೆಬರಹ 'ಹಸ್ತಿನಾಪುರ ಯಾತ್ರೆ' ಎಂದಿತ್ತು. ಒಳಗೆ ನೋಡಿದರೆ ಹತ್ತು ದಿನಗಳಲ್ಲಿ ಹಸ್ತಿನಾಪುರಕ್ಕೆ ಅರ್ಧ ದಿನ. ಶಿಮ್ಲಾ, ಮನಾಲಿ, ಮಸ್ಸೂರಿಗಳಿಗೆ ಏಳು ದಿನ. ಶಾಂತಿ, ಕುಂಥು, ಅರ ಎಂಬ ಮೂವರು ತೀರ್ಥಂಕರರು ಜನಿಸಿದ, ಆದಿನಾಥ ಸ್ವಾಮಿಗೆ ಶ್ರೇಯಾಂಸನು ಕಬ್ಬಿನ ರಸದ ಪ್ರಥಮ ಆಹಾರವನ್ನಿತ್ತ ನೆಲಕ್ಕೆ ಅರ್ಧ ದಿನ! ಹಿರಿಯರೊಬ್ಬರು ಆಕ್ಷೇಪಿಸಿದರು. ತರುಣರೊಬ್ಬರು, "ಬೆಟ್ಟ ನೋಡಿದರೆ ಪಾಪ ಬರುತ್ತದೆಯೇ?" ಎಂದು ಕೇಳಿದರು. ಅಲ್ಪಸ್ವಲ್ಪ ಶಾಸ್ತ್ರ ಓದಿದವನೆಂಬ ಕಾರಣಕ್ಕೆ ಉತ್ತರ ಹೇಳುವ ಭಾರ ನನ್ನ ಮೇಲೆ ಬಿತ್ತು. ಅಂದು ಸಂಕ್ಷೇಪವಾಗಿ ಹೇಳಿದುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ಎಲ್ಲೆಗಳನ್ನು ಹೆಸರಿಸುವಾಗ ಸಮುದ್ರ, ನದಿ, ಅಡವಿ, ಬೆಟ್ಟ, ದೇಶ, ಯೋಜನ ಇವುಗಳನ್ನು ಹೇಳಿದ್ದಾರೆ. ಅಂದರೆ ಬೆಟ್ಟವು ಅವರ ದೃಷ್ಟಿಯಲ್ಲಿ ಏರಿ ಜಯಿಸುವ ವಸ್ತುವಾಗಿರಲಿಲ್ಲ. 'ಇಲ್ಲಿಗೆ ಸಾಕು' ಎಂದು ಹೇಳುವ ಗಡಿಕಲ್ಲಾಗಿತ್ತು. ಆ ಎಲ್ಲೆಯ ಆಚೆಗೆ ಶ್ರಾವಕನು ಸೂಕ್ಷ್ಮ ಹಿಂಸೆಯನ್ನೂ ಮಾಡುವುದಿಲ್ಲವಾದ ಕಾರಣ, ಅಷ್ಟು ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳಿಗೆ ಸಮನಾಗುತ್ತವೆ ಎಂದೂ ಆಚಾರ್ಯರು ಹೇಳುತ್ತಾರೆ. ಸಂಸಾರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವುದಿದೆ? ಹೋಗದೆ ಬಿಟ್ಟ ನೆಲದಲ್ಲಿ ನಾವು ಮುನಿಸಮಾನರು.

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆ ಮೀರುವುದು ಮೂರು, ಕ್ಷೇತ್ರವೃದ್ಧಿ ಮತ್ತು ಎಲ್ಲೆಯನ್ನೇ ಮರೆಯುವುದು ಇನ್ನೆರಡು. ಮೇಲಕ್ಕೆ ಮೀರುವುದೆಂದರೇನು ಎಂಬುದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪರ್ವತಾದಿಗಳ ಆರೋಹಣವನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಬೆಟ್ಟ ಹತ್ತುವುದೇ ದೋಷವೆಂದು ಇದರ ಅರ್ಥವಲ್ಲ. ಹಾಗಿದ್ದರೆ ನಮ್ಮ ತೀರ್ಥಗಳೆಲ್ಲ ಗಿರಿಗಳ ಮೇಲೆ ಏಕಿರುತ್ತಿದ್ದವು? ತಾನೇ ಹಾಕಿಕೊಂಡ ಎಲ್ಲೆಯನ್ನು ಆಸೆಯಿಂದ ಮೀರುವುದು ದೋಷ. ಕ್ಷೇತ್ರವೃದ್ಧಿಯೆಂಬ ಮಾತು ನನ್ನಂತಹ ವರ್ತಕನಿಗೆ ಬೇಗನೆ ತಿಳಿಯುತ್ತದೆ. ನಾನು ವಾಣಿಜ್ಯ ಪದವಿ ಮುಗಿಸಿ ಗಾಂಧಿಬಜಾರಿನ ಜವಳಿ ಅಂಗಡಿಯಲ್ಲಿ ಕುಳಿತು ನಲವತ್ತು ವರ್ಷ ಕಳೆದವನು. ಒಂದು ಖಾತೆಯಲ್ಲಿ ಸ್ವಲ್ಪ ಕಡಿಮೆ ಮಾಡಿ ಇನ್ನೊಂದರಲ್ಲಿ ಹೆಚ್ಚು ತೋರಿಸುವ ಚಾತುರ್ಯವನ್ನು ಕಂಡಿದ್ದೇನೆ. ಹಸ್ತಿನಾಪುರದ ಹೆಸರಿನಲ್ಲಿ ಮನಾಲಿಗೆ ಹೋಗುವುದು ಅದೇ ಬಗೆಯ ಲೆಕ್ಕ.

ಇನ್ನೊಂದು ಗುಣವ್ರತ ಅನರ್ಥದಂಡವಿರತಿ. ಅದರಲ್ಲಿ ಹೇಳಿದ ಪ್ರಮಾದಚರ್ಯೆಯ ಲಕ್ಷಣವನ್ನು ಟ್ರಸ್ಟುಗಳ ಪದಾಧಿಕಾರಿಗಳು ಒಮ್ಮೆ ಓದಬೇಕು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು, ಇವುಗಳೊಡನೆ ವ್ಯರ್ಥವಾಗಿ ತಾನು ಅಲೆಯುವುದನ್ನೂ ಪರರನ್ನು ಅಲೆಸುವುದನ್ನೂ ಸಮಂತಭದ್ರರು ಸೇರಿಸಿದ್ದಾರೆ. ಸ್ವತಃ ಹೋಗುವವನ ಹೊಣೆ ಒಂದಾದರೆ, ನಲವತ್ತು ಜನರ ಬಸ್ಸು ಕಟ್ಟಿಸಿ ಕಳುಹಿಸುವವರ ಹೊಣೆ ಅದಕ್ಕಿಂತ ಹೆಚ್ಚಿನದು.

ಇನ್ನು ನಾವು ನೋಡಲು ಹೋಗುವ ಆ ಗಿರಿಧಾಮಗಳ ಸ್ಥಿತಿಯನ್ನು ವಿಚಾರಿಸೋಣ. ಹಿಮಾಲಯವು ನಮಗೆ ಪರಕೀಯವಲ್ಲ. ಆದಿನಾಥರು ನಿರ್ವಾಣ ಹೊಂದಿದ ಕೈಲಾಸವನ್ನು ಪಂಪನ ಆದಿಪುರಾಣದಿಂದ ಕನ್ನಡಿಗರು ಸಾವಿರ ವರ್ಷಗಳಿಂದ ಬಲ್ಲರು. ಆದರೆ ಇಂದಿನ ಗಿರಿಪಟ್ಟಣಗಳು ಬೇರೊಂದು ಉದ್ದೇಶದಿಂದ ಹುಟ್ಟಿದವು. ಬಯಲುಸೀಮೆಯ ಬಿಸಿಲು ತಾಳದ ಆಂಗ್ಲ ಅಧಿಕಾರಿಗಳು ತಮ್ಮ ವಿಶ್ರಾಂತಿಗೆಂದು ಕಡಿದಾದ ಇಳಿಜಾರುಗಳಲ್ಲಿ ಕಟ್ಟಿಕೊಂಡ ಊರುಗಳು ಅವು. ನೈನಿತಾಲಿನಲ್ಲಿ 1880ರ ಸೆಪ್ಟೆಂಬರ್ 18ರಂದು ಎಡೆಬಿಡದ ಮಳೆಗೆ ಗುಡ್ಡ ಜಾರಿ 151 ಮಂದಿ ಸತ್ತರು. ಆ ಬಳಿಕ ಇಳಿಜಾರಿನ ನೀರನ್ನು ಸಾಗಿಸಲು ಅಲ್ಲಿ ಕಾಲುವೆಗಳ ಜಾಲವನ್ನೇ ನಿರ್ಮಿಸಬೇಕಾಯಿತು. ಬದರಿಯ ಹಾದಿಯಲ್ಲಿರುವ ಜೋಶಿಮಠವು ಹಿಂದೆಂದೋ ಕುಸಿದ ಗುಡ್ಡದ ಮಣ್ಣುಕಲ್ಲುಗಳ ರಾಶಿಯ ಮೇಲೆ ನಿಂತ ಊರೆಂದೂ, ಅಲ್ಲಿ ಭಾರಿ ಕಟ್ಟಡ ಕೂಡದೆಂದೂ ಮಿಶ್ರಾ ಸಮಿತಿಯು 1976ರಲ್ಲಿಯೇ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಆ ಊರಿನ ನೂರಾರು ಮನೆಗಳು ಬಿರುಕುಬಿಟ್ಟವು; ವಾಲಿದ ಎರಡು ಹೋಟೆಲುಗಳನ್ನು ಕೆಡವಬೇಕಾಯಿತು. ಕೇದಾರದಲ್ಲಿ 2013ರ ಜೂನ್ ತಿಂಗಳ ಪ್ರವಾಹವು ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದುದು ಎಲ್ಲರಿಗೂ ನೆನಪಿದೆ.

ಶಿಮ್ಲಾದ ಪ್ರಸಂಗ ಗೃಹಸ್ಥರಿಗೆ ಹೆಚ್ಚು ಮನಮುಟ್ಟುವಂಥದು. 2018ರ ಬೇಸಿಗೆಯಲ್ಲಿ ಆ ಊರಿನ ಜನರು ಕುಡಿಯುವ ನೀರಿಗಾಗಿ ಕೊಡ ಹಿಡಿದು ಸಾಲು ನಿಂತರು. ಪ್ರವಾಸಿಗರು ಈಗ ಬರುವುದು ಬೇಡವೆಂದು ಅಲ್ಲಿಯವರೇ ಕೇಳಿಕೊಂಡರು. ನೀರನ್ನು ಸೋಸಿ ಕುಡಿಯುವವರು ನಾವು. ನೀರಿನ ಹನಿಯಲ್ಲಿಯೂ ಜೀವವಿದೆಯೆಂದು ಮಕ್ಕಳಿಗೆ ಕಲಿಸುವವರು. ನಾವು ಬಾಡಿಗೆಗೆ ಹಿಡಿದ ಕೋಣೆಯ ನಲ್ಲಿಯಲ್ಲಿ ಬರುವ ನೀರು ಯಾರ ಮನೆಯ ಕೊಡದಿಂದ ಬಂದಿತೆಂದು ವಿಚಾರಿಸದಿದ್ದರೆ ಆ ಸೋಸುಬಟ್ಟೆಗೆ ಅರ್ಥವೇನು? ಬಾಡಿಗೆ ಕೊಟ್ಟೆವೆಂಬ ಉತ್ತರ ವ್ಯವಹಾರಕ್ಕೆ ಸಾಕು, ಅಚೌರ್ಯಕ್ಕೆ ಸಾಲದು.

ಹಿಮಾಲಯದ ಮಾತು ದೂರದ್ದೆಂದು ಯಾರೂ ಭಾವಿಸಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಗುಡ್ಡವನ್ನು ಕಡಿದು ಅಗಲಗೊಳಿಸಿದ್ದ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿಯಿತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳು ರಾತ್ರಿ ಕಳೆಯುವುದರೊಳಗೆ ಮಣ್ಣುಪಾಲಾದವು. ಆ ಜಿಲ್ಲೆಯಲ್ಲಿ ಕರ್ನಾಟಕ ಮೂಲದ ನಮ್ಮ ಸಮಾಜದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಇವೆಲ್ಲ ನಡೆದುದು ಮಳೆಗಾಲದಲ್ಲಿ. ನಮ್ಮ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಲ್ಲುವುದು ಏತಕ್ಕೆ? ಚಿಗುರಿದ ಹುಲ್ಲು, ಹರಿದಾಡುವ ಹುಳುಹುಪ್ಪಟೆಗಳಿಗೆ ಬರಿಗಾಲಿನಿಂದಲೂ ನೋವಾಗದಿರಲೆಂದು. ಆದರೆ ಶ್ರಾವಕರಾದ ನಾವು ಜೋಗ ತುಂಬಿತೆಂಬ ಸುದ್ದಿ ಬಂದೊಡನೆ ವಾಹನ ಹೊರಡಿಸುತ್ತೇವೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಗಾಡಿ ನಿಲ್ಲಿಸಿ ಮಂಗಗಳಿಗೆ ಚಿಪ್ಸು ಎಸೆದು ದಯೆ ತೋರಿದೆವೆಂದು ಸಂತೋಷಪಡುತ್ತೇವೆ. ಆ ರುಚಿ ಹತ್ತಿದ ಪ್ರಾಣಿ ಕಾಡು ಬಿಟ್ಟು ರಸ್ತೆಗೆ ಬರುತ್ತದೆ. ಹಿಂದೆ ಬರುವ ವಾಹನದ ಚಕ್ರಕ್ಕೆ ಸಿಕ್ಕುತ್ತದೆ. ಅದು ದಾನವಲ್ಲ, ಮೋಹ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವಾಗ ಗುಡ್ಡೇಕೇರಿಯ ಬಳಿ ಕುಂದಾದ್ರಿಯ ದಾರಿ ಸಿಗುತ್ತದೆ. ಸಮಯಸಾರ, ಪ್ರವಚನಸಾರಗಳನ್ನು ಲೋಕಕ್ಕೆ ಕೊಟ್ಟ ಕುಂದಕುಂದಾಚಾರ್ಯರು ತಪಸ್ಸು ಮಾಡಿದ ಗಿರಿಯೆಂದು ಪರಂಪರೆ ಹೇಳುತ್ತದೆ. ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಅದರ ಪಕ್ಕದಲ್ಲಿ ಬಂಡೆಯ ನಡುವಿನ ಕೊಳ. ನನ್ನ ಬಾಲ್ಯದಲ್ಲಿ ತಂದೆಯವರು ನಮ್ಮನ್ನು ಕೆಳಗಿನಿಂದಲೇ ನಡೆಸಿಕೊಂಡು ಹೋಗುತ್ತಿದ್ದರು. ದಾರಿಯುದ್ದಕ್ಕೂ ಣಮೋಕಾರ ಹೇಳಿಸುತ್ತಿದ್ದರು. ಈಗ ಮೆಟ್ಟಿಲುಗಳ ಸಮೀಪದವರೆಗೆ ವಾಹನ ಹೋಗುತ್ತದೆ. ಸೂರ್ಯೋದಯ ನೋಡಲು ತರುಣರು ನಸುಕಿನಲ್ಲಿಯೇ ಬರುತ್ತಾರೆ. ಅವರು ಬರಬಾರದೆಂದು ನಾನು ಹೇಳಲಾರೆ. ಬೆಳಗಿನ ಮಂಜಿನಲ್ಲಿ ಮೌನವಾಗಿ ಕುಳಿತ ಅನ್ಯಮತೀಯ ಹುಡುಗರನ್ನು ಅಲ್ಲಿ ಕಂಡಿದ್ದೇನೆ. ಅವರ ಆ ಮೌನವೂ ಒಂದು ಸಾಮಾಯಿಕದಂತಿತ್ತು. ಪ್ರಶ್ನೆ ಬರುವವರ ಮತದ್ದಲ್ಲ, ಬರುವ ರೀತಿಯದು.

ಈ ಮಾತಿಗೆ ಸಮ್ಮೇದ ಶಿಖರದ ಪ್ರಕರಣವೇ ಸಾಕ್ಷಿ. ಇಪ್ಪತ್ತು ತೀರ್ಥಂಕರರ ಆ ನಿರ್ವಾಣಭೂಮಿಯು ಪ್ರವಾಸಿ ತಾಣವಾಗುವುದೆಂಬ ಆತಂಕದಿಂದ 2022ರ ಕೊನೆಯಲ್ಲಿ ನಮ್ಮ ಸಮಾಜ ದೇಶಾದ್ಯಂತ ಬೀದಿಗಿಳಿಯಿತು. 2023ರ ಜನವರಿ 5ರಂದು ಕೇಂದ್ರ ಸರ್ಕಾರವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳನ್ನು ತಡೆಹಿಡಿಯಿತು. ಅದೇ ಬೆಟ್ಟವನ್ನು ಸಂತಾಲ ಜನರು ಮರಾಂಗ್ ಬುರು ಎಂದು ಪೂಜಿಸುತ್ತಾರೆ. ತಮ್ಮ ಹಕ್ಕಿನ ಮಾತನ್ನು ಅವರೂ ಆಗ ಎತ್ತಿದರು. ಇದರಿಂದ ನಾವು ಕಲಿಯಬೇಕಾದುದು ಎರಡು. ನಮಗೆ ಪವಿತ್ರವಾದ ಗಿರಿ ಇತರರಿಗೂ ಪವಿತ್ರವಾಗಿರಬಹುದು. ನಮ್ಮ ಗಿರಿಯಲ್ಲಿ ವಿನೋದ ಬೇಡವೆಂದು ಕೇಳಿದವರು, ಇತರರ ಊರಿನ ಗಿರಿಯಲ್ಲಿ ವಿನೋದಕ್ಕೆ ಮಿತಿ ಹಾಕಿಕೊಳ್ಳಲೇಬೇಕು. ಅನೇಕಾಂತವು ಗ್ರಂಥದಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತೂ ಇದೆ. ಗಿರಿಪಟ್ಟಣದ ಹೋಟೆಲಿನವರು, ಕುದುರೆ ನಡೆಸುವವರು, ಸೇಬು ಮಾರುವವರು ಪ್ರವಾಸಿಗರನ್ನೇ ನಂಬಿ ಬದುಕುತ್ತಾರೆ. ಇದು ಸತ್ಯ. ವಾಣಿಜ್ಯವು ಆದಿನಾಥರು ಬೋಧಿಸಿದ ಷಟ್ಕರ್ಮಗಳಲ್ಲಿ ಒಂದು. ಅದನ್ನು ಹಳಿಯಲು ನನಗೆ ಅಧಿಕಾರವಿಲ್ಲ. ಆದರೆ ಅಸಲನ್ನೇ ತಿನ್ನುವ ವ್ಯಾಪಾರವನ್ನು ಯಾವ ವರ್ತಕನೂ ಲಾಭವೆಂದು ಕರೆಯುವುದಿಲ್ಲ. ಬೆಟ್ಟವೂ ನೀರೂ ಆ ಜನರ ಅಸಲು. ಜನರು ಕಡಿಮೆ ಬಂದು, ಹೆಚ್ಚು ದಿನ ಉಳಿದು, ಸ್ಥಳೀಯರ ಕೈಯಿಂದಲೇ ಕೊಂಡರೆ ಅವರ ಜೀವನವೂ ನಡೆಯುತ್ತದೆ, ಅಸಲೂ ಉಳಿಯುತ್ತದೆ.

ಆ ಟ್ರಸ್ಟಿನವರು ಚರ್ಚೆಯ ನಂತರ ಪಟ್ಟಿಯನ್ನು ತಿದ್ದಿದರು. ಹಸ್ತಿನಾಪುರಕ್ಕೆ ಮೂರು ದಿನ, ಒಂದೇ ಗಿರಿಪಟ್ಟಣಕ್ಕೆ ಎರಡು ದಿನ. ಚಾತುರ್ಮಾಸದಲ್ಲಿಯೂ ಬೇಸಿಗೆಯ ಜನಸಂದಣಿಯಲ್ಲಿಯೂ ಯಾತ್ರೆ ಇಲ್ಲ. ಐದಾರು ಕುಟುಂಬಗಳು ಹೆಸರು ಹಿಂದೆಗೆದುಕೊಂಡವು. ಟ್ರಸ್ಟಿಗೆ ಸ್ವಲ್ಪ ನಷ್ಟವೂ ಆಯಿತು. ಆದರೂ ತೀರ್ಮಾನ ಬದಲಾಗಲಿಲ್ಲ. ಇತರ ಟ್ರಸ್ಟುಗಳೂ ಇಂತಹ ನಿಯಮವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗಿರಿಕ್ಷೇತ್ರಗಳಿರುವ ಟ್ರಸ್ಟುಗಳು ವಾಹನವನ್ನು ಬುಡದಲ್ಲಿಯೇ ನಿಲ್ಲಿಸುವ ಏರ್ಪಾಡನ್ನೂ, ನಡೆಯಲಾರದ ವೃದ್ಧರಿಗೆ ಮಾತ್ರ ಒಂದು ಗಾಡಿಯನ್ನೂ ಯೋಚಿಸಬಹುದು. ಮೇಲೆ ಹೊಸ ಕೋಣೆ ಕಟ್ಟಿಸುವ ದಾನಿಗಳಿಗೆ, ಇರುವ ಕೊಳವನ್ನು ಶುಚಿಯಾಗಿಡುವ ಪುಣ್ಯ ಕಡಿಮೆಯದಲ್ಲವೆಂದು ತಿಳಿಹೇಳಬೇಕು.

ನಮ್ಮ ಮನೆಯಲ್ಲಿಯೂ ಈ ವಿಷಯ ಬಂದಿತು. ಸೊಸೆ, "ಮಾವ, ನೀವೂ ಅತ್ತೆಯವರೂ ಒಮ್ಮೆ ಹಿಮ ನೋಡಬೇಡವೇ?" ಎಂದು ಪ್ರೀತಿಯಿಂದ ಕೇಳಿದಳು. ನಾವಿಬ್ಬರೂ ಒಂದು ಪರಿಮಾಣ ಮಾಡಿಕೊಂಡೆವು: ಉತ್ತರಕ್ಕೆ ಹಸ್ತಿನಾಪುರ, ಪೂರ್ವಕ್ಕೆ ಸಮ್ಮೇದ ಶಿಖರ, ಪಶ್ಚಿಮಕ್ಕೆ ಗಿರಿನಾರ, ದಕ್ಷಿಣಕ್ಕೆ ಕುಂದಕುಂದರದೇ ನೆನಪಿರುವ ತಮಿಳುನಾಡಿನ ಪೊನ್ನೂರು ಬೆಟ್ಟ. ಮೇಲಕ್ಕೆ, ನಮ್ಮ ಕಾಲು ಏರುವಷ್ಟು. ಮೊಮ್ಮಗ, "ಅಜ್ಜ, ಹಾಗಾದರೆ ನಾನೂ ಹಿಮ ನೋಡಬಾರದೇ?" ಎಂದ. "ನೋಡು ಮಗು, ಆದರೆ ಹೋಗುವ ಮೊದಲು ಆ ಊರಿನ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡು ನನಗೆ ಹೇಳು" ಎಂದೆ. ಎಳೆಯರಿಗೆ ಎಲ್ಲೆಯನ್ನು ಹೇರುವುದು ವ್ರತವಾಗದು. ಎಲ್ಲೆ ಏಕೆ ಬೇಕೆಂಬುದನ್ನು ಅವರು ತಾವೇ ಕಂಡುಕೊಳ್ಳುವ ದಾರಿ ತೋರಿಸುವುದಷ್ಟೇ ಹಿರಿಯರ ಕೆಲಸ.

ನೋಡದೆ ಉಳಿದ ಶಿಖರಗಳ ಬಗ್ಗೆ ನಮಗಿಬ್ಬರಿಗೂ ವಿಷಾದವಿಲ್ಲ. ಅಲ್ಲಿಯ ಹುಲ್ಲು, ಹುಳು, ಹಿಮದ ಹನಿ ನಮ್ಮಿಂದ ನೋಯದೆ ತಮ್ಮಷ್ಟಕ್ಕೆ ಇವೆ ಎಂಬುದೇ ಸಾಕು. ಪತ್ರಿಕೆಯ ಓದುಗರೂ ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಮುಂದಿನ ಯಾತ್ರೆಯ ಪಟ್ಟಿ ಬರೆಯುವ ಮೊದಲು, ನಾಲ್ಕು ದಿಕ್ಕಿನ ಜೊತೆಗೆ ಮೇಲಿನ ದಿಕ್ಕಿಗೂ ಒಂದು ಗೆರೆ ಎಳೆದುಕೊಳ್ಳಲಿ ಎಂಬುದು ನನ್ನ ವಿನಂತಿ.