ಅಬ್ಬನ ಅರ್ಧ ಊಟ

ಠಾಣೆಯ ಗಂಟೆ ಬಾರಿಸಿದರೆ ನಮ್ಮ ಮನೆಯಲ್ಲಿ ಊಟ ನಿಲ್ಲುತ್ತಿತ್ತು. ಅಗ್ನಿಶಾಮಕ ಠಾಣೆಯ ಹಿಂದೆಯೇ ನಮ್ಮ ಕ್ವಾರ್ಟರ್ಸ್. ಅಬ್ಬ ಕೈ ತೊಳೆದೂ ತೊಳೆಯದಂತೆ ಓಡುತ್ತಿದ್ದರು. ಉಮ್ಮ ಆ ತಟ್ಟೆಯನ್ನು ಮುಚ್ಚಿಡುತ್ತಿದ್ದರು. ಅವರು ಮರಳುವ ತನಕ ಅದನ್ನು ತೊಳೆಯುವಂತಿಲ್ಲ. ಯಾಕೆಂದು ಕೇಳುವಷ್ಟು ಬುದ್ಧಿ ನನಗೆ ಬಂದದ್ದು ತಡವಾಗಿ.

ಅಬ್ಬ 1976ರಲ್ಲಿ ಫೈರ್‌ಮ್ಯಾನ್ ಆಗಿ ಸೇರಿದವರು. ಬೆಂಗಳೂರಿನಲ್ಲಿ ತರಬೇತಿ. ನೀರು ತುಂಬಿದ ಹೋಸ್ ಪೈಪಿನ ರಭಸಕ್ಕೆ ಮೊದಲ ದಿನವೇ ನೆಲಕ್ಕೆ ಬಿದ್ದಿದ್ದರಂತೆ. ಹತ್ತು ವರ್ಷದ ಬಳಿಕ ಲೀಡಿಂಗ್ ಫೈರ್‌ಮ್ಯಾನ್, 1992ರಲ್ಲಿ ಸಹಾಯಕ ಠಾಣಾಧಿಕಾರಿ, ಆಮೇಲೆ ಠಾಣಾಧಿಕಾರಿ. ಬಡ್ತಿಯ ಆದೇಶ ಬಂದಾಗಲೆಲ್ಲ ನೆಂಟರು ಸಿಹಿ ಕೇಳುತ್ತಿದ್ದರು. ಉಮ್ಮ ಮಾತ್ರ ಸುಮ್ಮನಿರುತ್ತಿದ್ದರು. ಬಡ್ತಿ ಎಂದರೆ ವರ್ಗ, ವರ್ಗ ಎಂದರೆ ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ಇರುವುದು.

ಪ್ರತಿ ವರ್ಷ ಎಪ್ರಿಲ್ 14ಕ್ಕೆ ಅಬ್ಬ ಸಮವಸ್ತ್ರಕ್ಕೆ ವಿಶೇಷವಾಗಿ ಇಸ್ತ್ರಿ ಹಾಕುತ್ತಿದ್ದರು. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ಹಡಗಿಗೆ ಬೆಂಕಿ ಬಿದ್ದು ಸಿಡಿದಾಗ, ನಂದಿಸಲು ಹೋದ 66 ಮಂದಿ ಅಗ್ನಿಶಾಮಕರು ಮಡಿದಿದ್ದರು. ಆ ಕಥೆಯನ್ನು ನಮಗೆ ಹೇಳಿದ್ದು ಅಬ್ಬ. ಉಮ್ಮ ಅದನ್ನು ಕೇಳಲು ನಿಲ್ಲುತ್ತಿರಲಿಲ್ಲ, ಒಳಗೆ ಹೋಗುತ್ತಿದ್ದರು. ಮುಚ್ಚಿಟ್ಟ ತಟ್ಟೆಯ ಅರ್ಥ ನನಗೆ ಹೊಳೆದದ್ದು ಅಂಥ ಒಂದು ದಿನ.

ಹೊರಗಿನ ಬೆಂಕಿಯ ಬಗ್ಗೆ ಅಬ್ಬ ಮಾತನಾಡುತ್ತಿದ್ದುದು ಕಡಿಮೆ. ಅಡುಗೆ ಮನೆಯ ಬೆಂಕಿಯ ಬಗ್ಗೆ ಮಾತ್ರ ನಮ್ಮ ಕಿವಿ ತೂತು ಬೀಳುವಷ್ಟು! ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಒಲೆ ಆರಿಸಿ ಮುಚ್ಚಳ ಮುಚ್ಚಿ. ಹುರಿಯುವಾಗ ನೈಲಾನ್ ದುಪ್ಪಟ್ಟಾ ಬೇಡ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ಚನ್ನು ಹಾಕಲೂ ಬೇಡಿ, ತೆಗೆಯಲೂ ಬೇಡಿ. "ನಿಮ್ಮ ಅಬ್ಬನಿಗೆ ಹೆಂಡತಿಯೂ ಒಂದು ಠಾಣೆ" ಎಂದು ಉಮ್ಮ ನಗುತ್ತಿದ್ದರು.

1995ರ ರಂಝಾನ್. ಅಬ್ಬ ದೂರದ ತಾಲೂಕಿನಲ್ಲಿದ್ದರು. ಸಹ್ರಿಗೆ ಎದ್ದ ಉಮ್ಮ ಅಡುಗೆ ಮನೆಯ ಬಾಗಿಲು ತೆರೆದರೆ ಗ್ಯಾಸಿನ ವಾಸನೆ. ಕತ್ತಲೆ. ಯಾರ ಕೈಯಾದರೂ ಮೊದಲು ಸ್ವಿಚ್ಚಿಗೇ ಹೋಗುತ್ತದೆ. ಉಮ್ಮನ ಕೈಯೂ ಗೋಡೆಯ ತನಕ ಹೋಗಿತ್ತಂತೆ. ಅಲ್ಲಿಂದ ಹಿಂದೆಗೆದು, ತಡವರಿಸಿಕೊಂಡೇ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ನಮ್ಮನ್ನು ಅಂಗಳಕ್ಕೆ ಎಳೆದು ತಂದರು. ಅಂದು ನೀರು ಖರ್ಜೂರದಲ್ಲೇ ನಮ್ಮ ಸಹ್ರಿ. ಮರುದಿನ ಫೋನಿನಲ್ಲಿ ವಿಷಯ ತಿಳಿದ ಅಬ್ಬ ತುಂಬ ಹೊತ್ತು ಏನೂ ಹೇಳಲಿಲ್ಲ.

2010ರ ಮೇ 22ರಂದು ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಇದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಮಂದಿ. ನಿವೃತ್ತಿಗೆ ಎರಡು ವರ್ಷವಿದ್ದ ಅಬ್ಬ ಆ ಇಳಿಜಾರಿಗೂ ಇಳಿದಿದ್ದರು. ರಾತ್ರಿ ಮನೆಗೆ ಬಂದು ಸ್ನಾನ ಮಾಡಿ, ಮುಚ್ಚಿಟ್ಟ ತಟ್ಟೆಯ ಮುಂದೆ ಕುಳಿತರು. ಉಣ್ಣಲಿಲ್ಲ. ಗಲ್ಫ್‌ನಲ್ಲಿದ್ದ ನನ್ನ ತಮ್ಮನಿಗೆ ಫೋನ್ ಮಾಡಿ, "ಊಟ ಮಾಡಿದೆಯಾ?" ಎಂದಷ್ಟೇ ಕೇಳಿದರು.

2012ರಲ್ಲಿ ಜಿಲ್ಲಾ ಅಗ್ನಿಶಾಮಕ ಅಧಿಕಾರಿಯಾಗಿ ನಿವೃತ್ತರಾದರು. ಹಾರ, ಶಾಲು, ಗಡಿಯಾರ ಎಲ್ಲ ಸಿಕ್ಕಿತು. ಗಡಿಯಾರ ಈಗ ಓಡುವುದಿಲ್ಲ.

ಈಗ ನನ್ನ ಮನೆಗೆ ಬಂದರೆ ಸಲಾಮ್ ಹೇಳಿ ನೇರ ಅಡುಗೆ ಮನೆಗೆ ಹೋಗುತ್ತಾರೆ. ಗ್ಯಾಸ್ ಟ್ಯೂಬಿನ ಮೇಲಿನ ತಾರೀಕು ನೋಡಬೇಕಲ್ಲ! ಕಳೆದ ಬಾರಿ ಅದರ ಅವಧಿ ಮುಗಿದಿತ್ತು. ಚಹಾಕ್ಕೆ ಇಟ್ಟಿದ್ದ ಒಲೆಯನ್ನು ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋಗಿ ಹೊಸದನ್ನು ತಂದು ಹಾಕಿದರು. ಆಮೇಲೆಯೇ ಚಹಾ.