ನೂರಕ್ಕೆ ತೊಂಬತ್ತೊಂಬತ್ತು

ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅಂಕ ಪಡೆದ ಹುಡುಗನನ್ನು ನಮ್ಮ ಮಾಸ್ತರಿಕೆಯ ಕಾಲದಲ್ಲಿ ನಾವು ಎಂದೂ ಗದರಿಸಿದವರಲ್ಲ. ಕಳೆದುಹೋದ ಆ ಒಂದು ಅಂಕ ಎಲ್ಲಿ ಹೋಯಿತೆಂದು ವಿಚಾರಿಸಿದ್ದೂ ಇಲ್ಲ. ಹಾಗೆ ವಿಚಾರಿಸದೆ ಬಿಟ್ಟದ್ದು ತಪ್ಪೆಂಬುದು ಕಳೆದ ವರ್ಷದ ಒಂದು ಪ್ರಸಂಗದಿಂದ ನಮಗೆ ತಿಳಿಯಿತು. ವಾಚಕರ ಮನೆಗಳಲ್ಲಿಯೂ ಇಂಥದು ಒದಗಿರಬಹುದಾದ್ದರಿಂದ ಅದನ್ನು ಇಲ್ಲಿ ಹೇಳುತ್ತೇವೆ.

ನಮ್ಮ ಊರು ಕಲಘಟಗಿ ತಾಲೂಕಿನ ತಂಬೂರ. ನಿವೃತ್ತರಾದಂದಿನಿಂದ ನಮ್ಮ ಮನೆಯ ಕಟ್ಟೆಯು ಅರ್ಜಿ ಬರೆಯಿಸುವವರ ಠಾಣೆಯಾಗಿದೆ. ಭೂಮಿ ಯೋಜನೆಯಿಂದ ಹೊಲದ ಉತಾರಗಳು ಗಣಕಯಂತ್ರವನ್ನು ಸೇರಿ ಎರಡು ದಶಕಗಳ ಮೇಲಾದವು. ಆಮೇಲೆ ಒಂದೊಂದಾಗಿ ಪಿಂಚಣಿ, ರೇಷನ್, ವಿದ್ಯಾರ್ಥಿವೇತನ ಎಲ್ಲವೂ ಅದೇ ಹಾದಿ ಹಿಡಿದವು. ಕಾಗದವಿಲ್ಲದಿದ್ದರೂ ಮಾಸ್ತರ ಬೇಕೇ ಬೇಕು. ಏಕೆಂದರೆ ಕಾಗುಣಿತ ಯಂತ್ರದಲ್ಲಿಯೂ ತಪ್ಪುತ್ತದೆ.

ನಮ್ಮ ಹಳೆಯ ಶಿಷ್ಯನೊಬ್ಬನ ಮಗಳು ಕಾಲೇಜಿನ ಮೊದಲನೆಯ ವರ್ಷದಲ್ಲಿದ್ದಳು. ವಿದ್ಯಾರ್ಥಿವೇತನದ ಅರ್ಜಿಯನ್ನು ಅವಧಿಗೆ ಇನ್ನೂ ಎಂಟು ದಿನವಿರುವಾಗ ನಮಗೆ ತೋರಿಸಿದಳು. ತಂದೆಯ ಹೆಸರು ಆಧಾರ ಪತ್ರದಲ್ಲಿ ಒಂದು ತೆರ, ಅಂಕಪಟ್ಟಿಯಲ್ಲಿ ಇನ್ನೊಂದು ತೆರ ಇದ್ದಿತು. “ಅವಸರ ಬೇಡವ್ವ, ಮೊದಲು ಹೆಸರು ತಿದ್ದಿಸಿಕೋ, ಕಡೆಯ ದಿನ ಹಾಕಿದರೂ ಅರ್ಜಿ ಅರ್ಜಿಯೇ” ಎಂದೆವು. ಕಡೆಯ ದಿನ ಅವಳ ಜೊತೆಗೆ ನಾವೂ ಬಸ್ಸು ಹತ್ತಿ ಪೇಟೆಯ ಸೇವಾಕೇಂದ್ರಕ್ಕೆ ಹೋದೆವು. ಬಾಗಿಲಲ್ಲಿಯೇ ಅಲ್ಲಿಯ ಹುಡುಗ, “ಸರ್ವರ್ ಡೌನ್ ಐತ್ರಿ ಮಾಸ್ತರ, ಚಹಾ ಕುಡದ ಬರ್ರಿ” ಎಂದ. ಹತ್ತು ಗಂಟೆಯಿಂದ ಐದರ ವರೆಗೆ ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತಲೇ ಇದ್ದಿತು. ಐದಕ್ಕೆ ಅವಧಿ ಮುಗಿಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಆ ಮಗು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮೇಲಾಗುತ್ತಿತ್ತು.

ನಾವು ತಕರಾರು ಬರೆದೆವು. ಮೂರು ವಾರಕ್ಕೆ ಉತ್ತರ ಬಂದಿತು: ಸದರಿ ತಿಂಗಳಲ್ಲಿ ಯಂತ್ರವು ಶೇಕಡಾ ೯೯ ಭಾಗ ಕಾಲ ಕಾರ್ಯನಿರತವಾಗಿತ್ತು. ಆ ಕಛೇರಿಯ ಹೆಸರು ಇಲ್ಲಿ ಬೇಡ, ಉತ್ತರವನ್ನಾದರೂ ಕೊಟ್ಟಿತು. ಆದರೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. ಮೂವತ್ತು ದಿನಕ್ಕೆ ೭೨೦ ಗಂಟೆ. ಅದರಲ್ಲಿ ನೂರಕ್ಕೊಂದು ಪಾಲೆಂದರೆ ೭ ಗಂಟೆ ೧೨ ನಿಮಿಷ. ನಾವು ಆ ಬೆಂಚಿನ ಮೇಲೆ ಕುಳಿತದ್ದು ಏಳು ಗಂಟೆ. ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮ ಅಕ್ಕನ ಮಗನು ಹುಬ್ಬಳ್ಳಿಯಲ್ಲಿ ಒಂದು ಖಾಸಗಿ ಸಂಸ್ಥೆಯ ಸರ್ವರ್‌ಗಳನ್ನು ಕಾಯುವ ಕೆಲಸದಲ್ಲಿದ್ದಾನೆ. ಸರ್ವರ್ ಎಂದರೆ ಸೇವಕನೆಂದೇ ಅರ್ಥ. ನೂರಾರು ಊರುಗಳಿಂದ ಕೇಳುವವರಿಗೆ ದೂರದ ಒಂದು ಕೋಣೆಯಿಂದ ಉತ್ತರ ಕೊಡುವ ಯಂತ್ರವದು. ದಸರೆಗೆ ಅವನ ಮನೆಗೆ ಹೋದಾಗ ಈ ಕಾಗದವನ್ನು ತೋರಿಸಿದೆವು. ಅವನು ನಕ್ಕು, “ಮಾಮಾ, ಸರಾಸರಿ ನೋಡಬ್ಯಾಡ್ರಿ, ಗೆರಿ ನೋಡ್ರಿ” ಎಂದು ತನ್ನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದ. ಹಸಿರು ನೀಲಿ ಬಣ್ಣದ ಆಲೇಖಗಳು, ನಾವು ಸಾಲೆಯಲ್ಲಿ ಗ್ರಾಫ್ ಕಾಗದದ ಮೇಲೆ ತೆಗೆಯಿಸುತ್ತಿದ್ದಂಥವೇ, ಒಂದರ ಕೆಳಗೊಂದು ಬೆಳೆಯುತ್ತಿದ್ದವು.

ಕೆಲಸದ ಕ್ರಮ ಹಾಜರಿ ಕರೆದಂತೆಯೇ ಇದೆ. ಜಾಲದಲ್ಲಿಯ ಒಂದು ಯಂತ್ರವು ಐದು ನಿಮಿಷಕ್ಕೊಮ್ಮೆ ಉಳಿದ ಯಂತ್ರಗಳನ್ನು ಕೇಳುತ್ತದೆ: ನಿನ್ನ ಮೇಲೆ ಎಷ್ಟು ಹೊರೆ, ಸ್ಮೃತಿಯಲ್ಲಿ ಎಷ್ಟು ಸ್ಥಳ ಉಳಿದಿದೆ, ತಂತಿಯ ಮೇಲೆ ಎಷ್ಟು ಸರಕು ಹೋಯಿತು ಬಂದಿತು? ಹೀಗೆ ಕೇಳುವ ಮತ್ತು ಹೇಳುವ ಕಟ್ಟಳೆಯನ್ನು ಎಸ್.ಎನ್.ಎಂ.ಪಿ. ಎಂಬ ಹೆಸರಿನಿಂದ ೧೯೮೮ರಲ್ಲಿ ಬರೆದಿಟ್ಟರಂತೆ. (ಅದರ ಮೊದಲ ಪದ್ಧತಿಯಲ್ಲಿ ವಾಡಿಕೆಯ ಗುಟ್ಟಿನ ಶಬ್ದ ‘ಪಬ್ಲಿಕ್’ ಎಂದೇ ಇದ್ದಿತೆಂದು ಕೇಳಿ ನಮಗೆ ನಗೆ ಬಂದಿತು.) ಹೊರೆಯೆಂದರೇನೆಂದು ಕೇಳಿದ್ದಕ್ಕೆ ಅವನು ನಮ್ಮೂರ ಹಿಟ್ಟಿನ ಗಿರಣಿಯನ್ನು ನೆನಪಿಸಿದ. ಗಿರಣಿಯಲ್ಲಿ ಒಂದು ಚೀಲ ಬೀಸುತ್ತಿದ್ದು ಹೊರಗೆ ನಾಲ್ಕು ಚೀಲ ಕಾದಿದ್ದರೆ ಹೊರೆ ಐದು. ಗಿರಣಿ ಕೆಟ್ಟಿಲ್ಲ, ಆದರೂ ಐದನೆಯವನ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಈ ಆಲೇಖಗಳ ಹುಟ್ಟನ್ನೂ ಹೇಳಿದ. ೧೯೯೫ರ ಸುಮಾರಿಗೆ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಲ್ಲಿ ಟೋಬಿಯಾಸ್ ಓಟಿಕರ್ ಎಂಬ ಸ್ವಿಸ್ ತರುಣನಿದ್ದ. ಅಷ್ಟು ದೊಡ್ಡ ವಿಶ್ವವಿದ್ಯಾಲಯಕ್ಕೆ ಹೊರಜಗತ್ತಿನೊಡನೆ ಇದ್ದ ಕೊಂಡಿ ಸೆಕೆಂಡಿಗೆ ೬೪ ಸಾವಿರ ಬಿಟ್‌ಗಳನ್ನು ಸಾಗಿಸುವ ಒಂದೇ ತಂತಿ; ಇಂದು ನಮ್ಮೂರ ಹುಡುಗರ ಒಂದು ಮೊಬೈಲಿಗೂ ಅದು ಸಾಲದು. ಆ ತಂತಿಯ ದಟ್ಟಣೆ ಎಲ್ಲರ ಕಣ್ಣಿಗೂ ಬೀಳಲೆಂದು ಅವನು ಎಂ.ಆರ್.ಟಿ.ಜಿ. ಎಂಬ ತಂತ್ರಾಂಶವನ್ನು ಬರೆದು, ತಾನಾಗಿಯೇ ಬೆಳೆಯುವ ಆಲೇಖವನ್ನು ಜಾಲಪುಟದಲ್ಲಿ ತೂಗುಹಾಕಿದ. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಒಯ್ಯಬಹುದಾಗಿತ್ತು. ೧೯೯೯ರಲ್ಲಿ ಆರ್.ಆರ್.ಡಿ. ಟೂಲ್ ಎಂಬ ಇನ್ನೊಂದನ್ನು ಕೊಟ್ಟ.

ಇವುಗಳ ಕಣಜ ನಮಗೆ ಬಹಳ ಹಿಡಿಸಿತು. ಸಂಸ್ಕೃತದಲ್ಲಿ ಕೂಪಯಂತ್ರಘಟಿಕಾ ನ್ಯಾಯವೆಂದು ಒಂದುಂಟು: ಬಾವಿಯ ಚಕ್ರಕ್ಕೆ ಕಟ್ಟಿದ ಗಡಿಗೆಗಳಲ್ಲಿ ಒಂದು ತುಂಬುವಾಗ ಇನ್ನೊಂದು ಬರಿದಾಗುತ್ತದೆ, ಗಡಿಗೆಗಳ ಸಂಖ್ಯೆ ಮಾತ್ರ ಹೆಚ್ಚುವದಿಲ್ಲ. ಇಲ್ಲಿಯೂ ಹಾಗೆಯೇ. ಎಂ.ಆರ್.ಟಿ.ಜಿ.ಯಲ್ಲಿ ಐದು ನಿಮಿಷದ ಗಡಿಗೆಗಳು ಆರುನೂರು. ಐವತ್ತು ಗಂಟೆಗಳಲ್ಲಿ ಚಕ್ರ ಒಂದು ಸುತ್ತು ತಿರುಗಿ ಹಳೆಯದನ್ನು ಚೆಲ್ಲುತ್ತದೆ. ಚೆಲ್ಲುವ ಮೊದಲು ಆರಾರು ಗಡಿಗೆಗಳ ಸರಾಸರಿ ತೆಗೆದು ಅರ್ಧ ಗಂಟೆಯ ಗಡಿಗೆಗೆ ಸುರಿದಿರುತ್ತದೆ. ಅಲ್ಲಿಂದ ಎರಡು ಗಂಟೆಯದಕ್ಕೆ, ಕಡೆಗೆ ದಿನಕ್ಕೊಂದರಂತೆ ಸುಮಾರು ಎರಡು ವರ್ಷದ್ದಕ್ಕೆ. ನಿನ್ನಿನ ಸಂಗತಿ ನಿಮಿಷ ನಿಮಿಷವಾಗಿ ನೆನಪಿರುವದು. ಕಳೆದ ವರ್ಷದ್ದು ದಿನಕ್ಕೊಂದು ಅಂಕಿಯಾಗಿ. ನಮ್ಮ ವಯಸ್ಸಿನವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಹುಳುಕು ಇರುವದು ಈ ಸುರಿಯುವಿಕೆಯಲ್ಲಿಯೇ. ಒಂದು ಗಂಟೆ ನೂರಕ್ಕೆ ನೂರು ಉಸಿರುಗಟ್ಟಿ ದುಡಿದು, ಉಳಿದ ಇಪ್ಪತ್ತಮೂರು ಗಂಟೆ ನೂರಕ್ಕೆ ಐದರಂತೆ ತೂಕಡಿಸಿದ ಯಂತ್ರದ ದಿನದ ಸರಾಸರಿ ಒಂಬತ್ತೇ. ಆ ಅಂಕಿಯನ್ನಷ್ಟೇ ನೋಡಿದ ಸಾಹೇಬರು ಯಂತ್ರಕ್ಕೆ ಕೆಲಸ ಸಾಲದೆಂದು ತಿಳಿದಾರು! ಓಟಿಕರನಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ, ಆರ್.ಆರ್.ಡಿ.ಯಲ್ಲಿ ಸರಾಸರಿಯ ಮಗ್ಗುಲಲ್ಲಿ ಪರಮಾವಧಿಗೂ ಬೇರೆ ಗಡಿಗೆಗಳನ್ನು ಇಡುವ ಅನುಕೂಲವಿದೆ. ಇಡುವವರು ಮನಸ್ಸು ಮಾಡಬೇಕಷ್ಟೆ.

ಇನ್ನೊಂದನ್ನು ನೋಡಿ ನಾವು ಸುಮ್ಮನಾದೆವು. ಅವನ ಆಲೇಖವೊಂದರಲ್ಲಿ ಗೆರೆ ನಡುವೆ ಹರಿದಿತ್ತು. ಅಲ್ಲಿ ಸೊನ್ನೆಯೇ ಎಂದರೆ, ಅಲ್ಲವಂತೆ. ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ, ಆದ್ದರಿಂದ ಯಂತ್ರವು ‘ಅಜ್ಞಾತ’ವೆಂದು ಬರೆದು ಸ್ಥಳ ಬಿಟ್ಟಿದೆ. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ಹೇಳಲಾಗದು. ಇದ್ದಿದ್ದರೆ ಕಾಣಲೇಬೇಕಾದ ಬೆಳಕಿನಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಯೋಗ್ಯಾನುಪಲಬ್ಧಿಯೆಂದು ಇದನ್ನೇ ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಮಾಡಿ ಏನು ಫಲ? ಒಂದು ಮಳೆಗಾಲ ಹಳ್ಳ ಬಂದು ನಾವೇ ಸಾಲೆಗೆ ಹೋಗಲಾಗಲಿಲ್ಲ. ಮರುದಿನ ಹಾಜರಿಪಟದಲ್ಲಿ ಅಷ್ಟೂ ಮಕ್ಕಳ ಮುಂದೆ ಗೈರು ಎಂದು ಬರೆದುಬಿಟ್ಟೆವು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಂದು ಬಾಗಿಲಲ್ಲಿ ನಿಂತು ಹೋಗಿದ್ದರೆಂದು ಆಮೇಲೆ ತಿಳಿಯಿತು. ಗೈರಾದವರು ಮಾಸ್ತರರು.

ಹಾಗಾದರೆ ದೊಡ್ಡ ಯಂತ್ರವನ್ನೇ ಏಕೆ ತರಬಾರದೆಂದು ನಾವು ಸ್ವಲ್ಪ ಬಿಸಿಯಾಗಿಯೇ ಕೇಳಿದೆವು. ಅಳಿಯನು ವಾದಿಸಲಿಲ್ಲ. ಕಡೆಯ ದಿನವೊಂದಿರುವ ಕೆಲಸದ ಆಲೇಖ ಹೇಗಿರುತ್ತದೆಂದು ತಮ್ಮ ಸಂಸ್ಥೆಯದೇ ಒಂದನ್ನು ತೋರಿಸಿದ: ಏಳು ದಿನ ಹೊಲದ ಬದುವಿನಷ್ಟು ಎತ್ತರ, ಎಂಟನೆಯ ದಿನ ನೆಟ್ಟಗೆ ಗುಡ್ಡ. ಒಂದು ದಿನದ ಗುಡ್ಡಕ್ಕಾಗಿ ವರ್ಷವಿಡೀ ಯಂತ್ರಗಳನ್ನು ಸಾಕಬೇಕು. ಇಲ್ಲವೆ ಆ ದಿನದ ಮಟ್ಟಿಗೆ ಬಾಡಿಗೆಗೆ ತರಬೇಕು, ತರುವ ಬುದ್ಧಿ ಗೆರೆ ಏರಲಾರಂಭಿಸಿದಾಗಲೇ ಬರಬೇಕು. ಅದು ಕಾಯುವವರ ಕರ್ತವ್ಯ. ಅದರಿಂದ ಅವರನ್ನು ನಾವು ಬಿಡುವದಿಲ್ಲ. ಆದರೆ ಆ ಗುಡ್ಡದ ಮೇಲೆ ನಿಂತವರು ಯಾರು? ಅವಸರ ಬೇಡವೆಂದು ಹೇಳಿಸಿಕೊಂಡವರು, ಮತ್ತು ಅವರನ್ನು ಕರೆದುಕೊಂಡು ಹೋದ ನಮ್ಮಂಥ ಮಾಸ್ತರರು.

ಊರಿಗೆ ಬಂದವರೇ ಪೆಟ್ಟಿಗೆಯಲ್ಲಿದ್ದ ಗ್ರಾಫ್ ಕಾಗದವನ್ನು ಹೊರಗೆ ತೆಗೆದೆವು. ಸೇವಾಕೇಂದ್ರದ ಹುಡುಗನ ಜೊತೆಗೆ ಒಪ್ಪಂದವಾಗಿದೆ: ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಪುಟ ತೆರೆಯಲು ಎಷ್ಟು ಹೊತ್ತಾಯಿತೆಂದು ಅವನು ಮೊಬೈಲಿನಲ್ಲಿ ತಿಳಿಸಬೇಕು. ಚುಕ್ಕೆ ಇಟ್ಟು ಗೆರೆ ಎಳೆಯುವವಳು ಅದೇ ಹುಡುಗಿ. ಆ ವರ್ಷದ ಹಣ ಅವಳಿಗೆ ಬರಲೇ ಇಲ್ಲ. ಅವಳ ತಂದೆ ಗೋವಿನಜೋಳ ಮಾರಿ ಫೀ ತುಂಬಿದ. ಈ ವರ್ಷ ಅವಧಿ ತೆರೆದ ಎರಡನೆಯ ದಿನವೇ, ಮುಂಜಾನೆ ಹತ್ತಕ್ಕೆ, ಅವಳ ಅರ್ಜಿ ಹೋಯಿತು. ಹತ್ತರ ಚುಕ್ಕೆ ಎಲ್ಲಕ್ಕಿಂತ ಕೆಳಗಿರುವದೆಂದು ಕಂಡುಹಿಡಿದವಳೂ ಅವಳೇ.

ಮೊನ್ನೆ ಹುಡುಗನಿಂದ ಎರಡು ಗಂಟೆಯ ಸುದ್ದಿ ಬರಲಿಲ್ಲ. ಕೆಳಗಿನ ಗೆರೆಯ ಮೇಲೆ ಚುಕ್ಕೆ ಇಡಲೆಂದು ನಾವು ಪೆನ್ಸಿಲು ಒಯ್ದೆವು. ಅವಳು ನಮ್ಮ ಕೈ ಹಿಡಿದು, “ಬ್ಯಾಡ್ರಿ ಸರ, ಅವಾ ಊಟಕ್ಕ ಹೋಗಿರಬೇಕು, ಖಾಲಿ ಬಿಡ್ರಿ” ಎಂದಳು.